ಎಕರೆಗೆ ಎರಡು ಮರ

ನಾನು ಹೈಸ್ಕೂಲಿಗೆ ಹೋಗುತ್ತಿದ್ದ ವರ್ಷಗಳಲ್ಲಿ ನಮ್ಮೂರಿನ ಜಗಲಿಗಳ ಮೇಲೆ ಮತ್ತೆ ಮತ್ತೆ ಕೇಳಿಬರುತ್ತಿದ್ದ ಮಾತು ‘ಎಕರೆಗೆ ಎರಡು ಮರ’. ಮರ ಕಡಿಯುವ ಕೂಪಿನ ಕೆಲಸಕ್ಕೆ ಬಂದ ಮೇಸ್ತ್ರಿ ಅದನ್ನೇ ಹೇಳುತ್ತಿದ್ದ, ಕಾಡು ಕಾಯುವ ಗಾರ್ಡೂ ಅದನ್ನೇ ಹೇಳುತ್ತಿದ್ದ. ಪ್ಲೈವುಡ್ಡಿಗೆ ಆಗುವ ದಪ್ಪನೆಯ, ನೆಟ್ಟಗಿನ ಮರಗಳಿಗಷ್ಟೇ ಗುರುತು ಹಾಕುತ್ತಾರೆ, ಒಂದು ಎಕರೆಯಲ್ಲಿ ಎರಡೇ ಎರಡು ಕಡಿಯುತ್ತಾರೆ, ಮಿಕ್ಕ ಕಾಡು ಇದ್ದ ಹಾಗೇ ಇರುತ್ತದೆ ಎಂಬುದು ಅವರ ವಿವರಣೆ. ಕೇಳಿದವರಿಗೆ ನ್ಯಾಯವಾಗಿಯೇ ಕಾಣುವ ಲೆಕ್ಕ ಅದು. ನೂರಾರು ಮರ ಒತ್ತೊತ್ತಾಗಿ ನಿಂತ ಜಾಗದಲ್ಲಿ ಎರಡು ಹೋದರೆ ಯಾರಿಗೆ ಗೊತ್ತಾಗಬೇಕು? ನಮಗೆ ಗೊತ್ತಾಯಿತು. ತೋಟದ ಕಾದಿಗೆಯಲ್ಲಿ ಗೊತ್ತಾಯಿತು, ಬಚ್ಚಲಿನ ಹಂಡೆಯಲ್ಲಿ ಗೊತ್ತಾಯಿತು, ಎಲ್ಲಕ್ಕಿಂತ ಮೊದಲು ಆಯಿಯ ಉಪ್ಪಿನಕಾಯಿ ಭರಣಿಯಲ್ಲಿ ಗೊತ್ತಾಯಿತು.

ಶಿರಸಿ ತಾಲೂಕಿನಲ್ಲಿ ಘಟ್ಟದ ಅಂಚಿಗಿರುವ ಊರು ನಮ್ಮದು. ಮನೆಯ ಮುಂದೆ ಕಣಿವೆಯಲ್ಲಿ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ, ಅದರಾಚೆ ಹಗಲಲ್ಲೂ ಮಬ್ಬಾಗಿರುವ ಕಾನು. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಉಳಿದ ಎಂಟು ತಿಂಗಳು ಅಡಿಕೆ, ಏಲಕ್ಕಿ, ಬಾಳೆ, ದನ, ಜನ ಎಲ್ಲ ಬದುಕುವುದು ಬೆಟ್ಟ ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಟ್ಟುಕೊಡುವ ನೀರಿನಲ್ಲಿ. ನಮ್ಮ ಮನೆಗೆ ಬಾವಿಯೇ ಇರಲಿಲ್ಲ. ಕಾನಿನ ಬುಡದಲ್ಲಿ ಹುಟ್ಟುವ ಅಬ್ಬಿ ನೀರು ಅಡಿಕೆ ದಬ್ಬೆಗಳಲ್ಲಿ ಹರಿದು ಬಂದು ಹಿತ್ತಿಲ ಕಲ್ಲುಮರಿಗೆಗೆ ಬೀಳುತ್ತಿತ್ತು. ರಾತ್ರಿ ನಿದ್ದೆ ಹತ್ತುವವರೆಗೂ ಕೇಳುತ್ತಿದ್ದದ್ದು ಆ ನೀರಿನ ಸದ್ದು. ದಬ್ಬೆಗೆ ಎಲೆ ಸಿಕ್ಕಿ ಸದ್ದು ನಿಂತರೆ ಮಲಗಿದವರಿಗೂ ಎಚ್ಚರವಾಗುತ್ತಿತ್ತು.

ಕಾಡಿನಿಂದ ಮನೆಗೆ ಏನೇನು ಬರುತ್ತಿತ್ತು ಎಂದು ಪಟ್ಟಿ ಮಾಡಿದರೆ ಮುಗಿಯದು. ಕೊಟ್ಟಿಗೆಗೆ ಹಾಸುವ ಸೊಪ್ಪು ಮತ್ತು ದರಕು, ಆ ಸೊಪ್ಪೇ ಗೊಬ್ಬರವಾಗಿ ತೋಟಕ್ಕೆ. ಮುರುಗಲ ಹಣ್ಣಿನ ಸಿಪ್ಪೆ, ಉಪ್ಪಾಗೆಯ ಸಿಪ್ಪೆ, ಅದರ ಬೀಜದಿಂದ ತೆಗೆದ ತುಪ್ಪ. ವಾಟೆಹುಳಿ, ದಾಲ್ಚಿನ್ನಿ, ರಾಮಪತ್ರೆ. ಕಷಾಯಕ್ಕೆ ಬೇರು, ಬಾಣಂತಿಗೆ ತೊಗಟೆ, ಮದುವೆ ಚಪ್ಪರಕ್ಕೆ ಬಳ್ಳಿ. ಆದರೆ ನನ್ನ ಮನಸ್ಸು ಮೊದಲು ಹೋಗಿ ನಿಲ್ಲುವುದು ಅಪ್ಪೆಮಿಡಿಯ ಹತ್ತಿರ.

ಅಪ್ಪೆ ಎಂದರೆ ಹೊಳೆ-ಹಳ್ಳಗಳ ಅಂಚಿನಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಕಾಡುಮಾವು. ಅದರ ಹಣ್ಣನ್ನು ಯಾರೂ ಕೇಳುವುದಿಲ್ಲ, ಮಿಡಿಗೇ ಬೆಲೆ. ಗೊರಟು ಗಟ್ಟಿಯಾಗುವ ಮೊದಲೇ, ಮಾಘ ಕಳೆದು ಫಾಲ್ಗುಣ ಕಾಲಿಡುವ ಹೊತ್ತಿಗೆ ಕೊಯ್ಯಬೇಕು. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ: ಒಂದರ ಸೊನೆಗೆ ಜೀರಿಗೆಯ ವಾಸನೆ, ಇನ್ನೊಂದರದ್ದಕ್ಕೆ ಕರ್ಪೂರದ್ದು. ಅನಂತಭಟ್ಟನ ಅಪ್ಪೆಯಂತೆ ಹೆಸರು ಗಳಿಸಿ ಊರೂರಿಗೆ ಕಸಿಯಾಗಿ ಹೋದ ಮರಗಳೂ ಇವೆ. 2009ರಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಬಂತು. ನಮ್ಮ ಮನೆಯವರು ನೆಚ್ಚಿಕೊಂಡಿದ್ದದ್ದು ಹಳ್ಳದ ಎರಡು ಕವಲು ಕೂಡುವಲ್ಲಿದ್ದ ಒಂದು ಜೀರಿಗೆ ಮಿಡಿಯ ಮರವನ್ನು. ಎರಡು ವರ್ಷಕ್ಕೊಮ್ಮೆ ಚೆನ್ನಾಗಿ ಫಲ ಬಿಡುತ್ತಿತ್ತು. ಕೊಯ್ಯುವುದಕ್ಕೆ ಪಕ್ಕದ ಕೇರಿಯ ಹಿರಿಯರೊಬ್ಬರು ಬರುತ್ತಿದ್ದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ತುದಿಗೊಂಬೆಯವರೆಗೆ ಹೋಗಿ, ಗೊಂಚಲನ್ನು ತೊಟ್ಟಿನ ಸಮೇತ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸುತ್ತಿದ್ದರು. ನೆಲಕ್ಕೆ ಬಿದ್ದ ಮಿಡಿ ಬೇಡ, ಪೆಟ್ಟಾದರೆ ಭರಣಿಯಲ್ಲಿ ಕೊಳೆಯುತ್ತದೆ, ತೊಟ್ಟು ಮುರಿದರೆ ಸೊನೆ ಹೋಗುತ್ತದೆ. ಕೆಳಗೆ ನಿಂತ ನಾನು ಬುಟ್ಟಿ ಬರಿದು ಮಾಡಿ ಕಳಿಸಬೇಕು. ಕೈಗೆ ಅಂಟಿದ ಸೊನೆ ಚರ್ಮ ಸುಡುತ್ತಿತ್ತು, ಆ ವಾಸನೆ ಮಾತ್ರ ಮಾರನೇ ದಿನ ಶಾಲೆಯಲ್ಲೂ ಬೆರಳಲ್ಲಿರುತ್ತಿತ್ತು. ಮನೆಯಲ್ಲಿ ಆಯಿ ಮಿಡಿಗೆ ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿ, ಮಿಡಿ ಮುರುಟುವವರೆಗೆ ಕಾದು, ಆಮೇಲೆ ಸಾಸಿವೆ-ಮೆಣಸಿನ ಹಿಂಡಿ ಕೂಡಿಸುತ್ತಿದ್ದರು. ನಾಲ್ಕೈದು ವರ್ಷ ಕೆಡದ ಉಪ್ಪಿನಕಾಯಿ ಅದು. ಅಡಿಕೆಗೆ ಬೆಲೆಯಿಲ್ಲದ ವರ್ಷ ಗಂಜಿಯ ಜೊತೆ ಅದೊಂದೇ ಇದ್ದರೂ ಊಟವಾಗುತ್ತಿತ್ತು.

ಆ ಮರಕ್ಕೆ ಒಂದು ಬೇಸಿಗೆ ಗುರುತು ಬಿತ್ತು. ತೊಗಟೆಯನ್ನು ಅಂಗೈಯಗಲ ಕೆತ್ತಿ, ಒಳಗಿನ ಬಿಳಿ ಮೈಗೆ ಸುತ್ತಿಗೆಯ ಮುದ್ರೆ ಒತ್ತಿದ್ದರು. ಮಾವಿನ ಮರ ಪ್ಲೈವುಡ್ಡಿಗೆ ಒಳ್ಳೆಯದಂತೆ. ದುಂಡನೆಯ ಬೊಡ್ಡೆಯನ್ನು ಯಂತ್ರಕ್ಕೆ ಕೊಟ್ಟು ತಿರುಗಿಸಿದರೆ ಪೊರೆ ಪೊರೆಯಾಗಿ ಸುಲಿದು ಬರುತ್ತದಂತೆ, ಚಹದ ಪೆಟ್ಟಿಗೆ ಮಾಡಲಿಕ್ಕೂ ಅದೇ ಬೇಕಂತೆ. ಅಪ್ಪಯ್ಯ ಗಾರ್ಡಿನ ಹತ್ತಿರ ಕೇಳಿದರು, ಇದೊಂದು ಬಿಟ್ಟು ಬೇರೆ ಯಾವುದಾದರೂ ನೋಡಬಹುದಲ್ಲ ಎಂದು. ಆತ ಕೆಟ್ಟವನಲ್ಲ, ನಮ್ಮನೆಯ ಚಹಾ ಕುಡಿದವನೇ. ‘ಎಕರೆಗೆ ಎರಡೇ ಮರ ಹೆಗಡೇರೆ, ಅಷ್ಟಕ್ಕೆಲ್ಲ ಕಾಡು ಮುಗೀತದಾ?’ ಎಂದ. ಮರ ಕಡಿಯಬೇಕೆಂದು ಬರೆದವರು ಎಲ್ಲಿ ಕೂತಿದ್ದರೋ ಅವನಿಗೂ ಗೊತ್ತಿರಲಿಲ್ಲ.

ಮರ ಬಿದ್ದ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಹೋಗಿ ನೋಡಿದಾಗ ಮೊದಲು ಕಣ್ಣಿಗೆ ಹೊಡೆದದ್ದು ಬೆಳಕು. ಆ ಜಾಗದಲ್ಲಿ ನಾನು ಯಾವತ್ತೂ ಆಕಾಶ ಕಂಡಿರಲಿಲ್ಲ. ಮಾವು ಒಂದೇ ಬಿದ್ದಿರಲಿಲ್ಲ. ಅದಕ್ಕೆ ಸುತ್ತಿಕೊಂಡಿದ್ದ ದಪ್ಪ ಬಳ್ಳಿಗಳು ಸುತ್ತಲಿನ ಮರಗಳಿಗೂ ಹಬ್ಬಿದ್ದವು. ನೇಯ್ದ ಬಟ್ಟೆಯ ಒಂದೆಳೆ ಹಿಡಿದು ಜಗ್ಗಿದರೆ ಮಗ್ಗುಲಿನ ಎಳೆಗಳೂ ಕಿತ್ತುಬರುವ ಹಾಗೆ ಅವು ಒಂದೊಂದೇ ಟೊಂಗೆಯನ್ನು, ಒಂದೆರಡು ಕಡೆ ಇಡೀ ಮರವನ್ನೇ ಎಳೆದುಕೊಂಡು ಬಂದಿದ್ದವು. ಬಿದ್ದ ದಾರಿಯುದ್ದಕ್ಕೂ ಮುರುಗಲು, ದಾಲ್ಚಿನ್ನಿ, ಬೆತ್ತ, ಎಳೆಯ ಹೆಬ್ಬಲಸಿನ ಗಿಡಗಳು ನೆಲಸಮ. ಅಪ್ಪಯ್ಯ ಬೆರಳು ಮಡಚಿ ಎಣಿಸತೊಡಗಿದವರು ಎರಡೂ ಕೈಯ ಬೆರಳು ಮುಗಿದ ಮೇಲೆ ನಿಲ್ಲಿಸಿದರು. ನಾಟಾ ಸಾಗಿಸಲು ಹಳ್ಳದ ದಂಡೆಯನ್ನೇ ಕಡಿದು ಲಾರಿಗೆ ದಾರಿ ಮಾಡಿದ್ದರು. ಬುಡದ ಕೊರಡಿನಿಂದ ಸೊನೆ ಒಸರಿ ಇಡೀ ಹಳ್ಳವೇ ಜೀರಿಗೆಯ ವಾಸನೆ ಹೊಡೆಯುತ್ತಿತ್ತು. ಲೆಕ್ಕದ ಪುಸ್ತಕದಲ್ಲಿ ಅದು ಒಂದು ಮರ.

ಮುಂದಿನ ಮಳೆಗಾಲ ಆ ಲಾರಿ ದಾರಿಯೇ ಹಳ್ಳವಾಯಿತು. ಚಕ್ರದ ಗೆರೆಯಲ್ಲಿ ಇಳಿದ ನೀರು ಮಣ್ಣು ಕೊರೆದು ತಂದು ನಮ್ಮ ತೋಟದ ಮೇಲ್ಗಡೆ ರಾಶಿ ಹಾಕಿತು. ಬಿಸಿಲು ಬಿದ್ದಲ್ಲೆಲ್ಲ ಯುಪಟೋರಿಯಂ ಎದ್ದಿತು, ಅದರ ಹಿಂದೆ ಚದುರಂಗಿ. ಅವು ಎದ್ದಲ್ಲಿ ಮಾವಿನ ಗೊರಟು ಮೊಳೆತರೂ ಮೇಲೆ ಬರುವುದಿಲ್ಲ. ಬೇಸಿಗೆಯಲ್ಲಿ ಒಣಗಿ ನಿಂತ ಯುಪಟೋರಿಯಂ ಬೆಂಕಿಗೆ ಎಣ್ಣೆಯಷ್ಟೇ ಸಲೀಸು. ಕಾನಿನ ಒಳಗೆ ಬೆಂಕಿ ಹೊಕ್ಕ ಸುದ್ದಿ ನಮ್ಮಜ್ಜಿ ಅವರ ಕಾಲದಲ್ಲಿ ಕೇಳಿದ್ದೇ ಇಲ್ಲವಂತೆ. ನಾವು ಪ್ರತಿ ವರ್ಷ ಕೇಳತೊಡಗಿದೆವು. ಮತ್ತೆ ಎರಡು ಮೂರು ವರ್ಷ ಕಳೆದಿರಬೇಕು, ಒಂದು ಬೆಳಿಗ್ಗೆ ಅಜ್ಜಿ ಕಲ್ಲುಮರಿಗೆಯ ಹತ್ತಿರ ನಿಂತು ಅಪ್ಪಯ್ಯನನ್ನು ಕರೆದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ: ‘ತಮಾ, ಅಬ್ಬಿ ನೀರು ಶಿವರಾತ್ರಿಗೇ ಸಣ್ಣ ಆಯ್ದಲೋ.’ ಯುಗಾದಿ ಕಳೆದರೂ ಹೆಬ್ಬೆರಳು ಗಾತ್ರ ಬೀಳುತ್ತಿದ್ದ ನೀರದು.

ಮರ ಕಡಿದರೆ ನೀರು ಯಾಕೆ ಕಡಿಮೆಯಾಗುತ್ತದೆ ಎಂಬುದು ಆಗ ನಮಗೆ ಅನುಭವದಿಂದ ಗೊತ್ತಿತ್ತು, ಕಾರಣ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಆಮೇಲೆ ಓದಿ ತಿಳಿದೆ. ದಟ್ಟ ಕಾಡಿನ ನೆಲದಲ್ಲಿ ಕೊಳೆತ ಎಲೆ, ಸತ್ತ ಬೇರು ಬಿಟ್ಟ ಕೊಳವೆ, ಎರೆಹುಳು-ಗೆದ್ದಲು ಮಾಡಿದ ತೂತು ಎಲ್ಲ ಸೇರಿ ಜೋರು ಮಳೆಯೂ ಬಹುಪಾಲು ಒಳಗಿಳಿಯುತ್ತದೆ. ನೆಲ ಬರಿದಾಗಿ, ಕಾಲು-ಚಕ್ರ ತುಳಿದು ಗಟ್ಟಿಯಾದರೆ ಅದೇ ಮಳೆ ಮೇಲಿಂದಲೇ ಹರಿದು ಹೊಳೆ ಸೇರುತ್ತದೆ. ನಮ್ಮ ಜಿಲ್ಲೆಯ ಕಾಡುಗಳಲ್ಲೇ ಜಲವಿಜ್ಞಾನಿಗಳು ಅಳೆದು ನೋಡಿದ್ದಾರೆ: ಸಹಜ ಕಾಡಿನ ಮಣ್ಣು ನೀರು ಕುಡಿಯುವಷ್ಟು ವೇಗವಾಗಿ ಹಾಳುಬಿದ್ದ ಕಾಡಿನ ಮಣ್ಣು ಕುಡಿಯುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಘಟ್ಟದ ಹಳ್ಳಗಳನ್ನು ಹೋಲಿಸಿ ನೋಡಿದಾಗಲೂ ಅದೇ ಕಂಡಿತು. ಸಹಜ ಕಾಡು ಹೆಚ್ಚಿರುವ ಕಣಿವೆಗಳ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಕೆಟ್ಟ ಅಥವಾ ಒಂದೇ ಜಾತಿಯ ನೆಡುತೋಪು ತುಂಬಿದ ಕಣಿವೆಯ ಹಳ್ಳ ಮಳೆಗಾಲ ಮುಗಿದು ಕೆಲವೇ ತಿಂಗಳಲ್ಲಿ ಬತ್ತುತ್ತದೆ. ನನ್ನ ಅಜ್ಜಿ ಕಲ್ಲುಮರಿಗೆಯ ಪಕ್ಕ ನಿಂತು ಕಂಡದ್ದೂ ಇದನ್ನೇ.

1983ರ ಸೆಪ್ಟೆಂಬರ್ 8ರಂದು ನಮ್ಮದೇ ತಾಲೂಕಿನ ಸಾಲ್ಕಣಿಯ ಜನ ಈ ಕಡಿತ ತಡೆಯಲು ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ತಬ್ಬಿ ನಿಂತರು. ಹಿಮಾಲಯದಲ್ಲಿ ಚಿಪ್ಕೊ ಚಳವಳಿ ಕಟ್ಟಿದ ಸುಂದರಲಾಲ ಬಹುಗುಣ ಈ ಕಡೆ ಬಂದು ಮಾತಾಡಿ ಹೋಗಿದ್ದರು, ಅವರ ಜೊತೆ ಕೆಲಸ ಮಾಡಿದ್ದ ಪಾಂಡುರಂಗ ಹೆಗಡೆ ಊರಿನ ಯುವಕರೊಂದಿಗೆ ಇದ್ದರು. ಅಪ್ಪಿಕೋ ಚಳವಳಿ ಎಂದು ಆಮೇಲೆ ದೇಶಕ್ಕೆಲ್ಲ ಹೆಸರಾದದ್ದು ಅದೇ. ಸುದ್ದಿ ನಮ್ಮೂರಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಸರದಿಯ ಮೇಲೆ ಕಾಡು ಕಾಯಲು ಸುತ್ತಲಿನ ಊರವರೂ ಹೋಗುತ್ತಿದ್ದಾಗ ಅಪ್ಪಯ್ಯನ ಜೊತೆ ಹಟ ಮಾಡಿ ನಾನೂ ಹೋದೆ. ಮಳೆ ಬಿಟ್ಟುಬಿಟ್ಟು ಹೊಯ್ಯುತ್ತಿತ್ತು. ಕಂಬಳಿ ಕೊಪ್ಪೆ ಹಾಕಿಕೊಂಡ ಹೆಂಗಸರು ಮರಕ್ಕೊಬ್ಬರಂತೆ, ದೊಡ್ಡ ಮರವಾದರೆ ಮೂವರಂತೆ ಸುತ್ತುವರಿದಿದ್ದರು. ನಾನೂ ಒಂದಕ್ಕೆ ತೋಳು ಹಾಕಿದೆ. ತೊಗಟೆಯ ಮೇಲಿನ ಹಾವಸೆ ತಣ್ಣಗೆ ಕೆನ್ನೆಗೆ ಹತ್ತಿತು, ಮಳೆನೀರು ಕಾಂಡದ ಮೇಲಿಂದ ಇಳಿದು ರವಿಕೆಯ ತೋಳು ತೋಯಿಸಿತು, ಉಂಬಳಗಳು ಪಾದ ಬಿಟ್ಟು ಮೊಣಕಾಲಿಗೆ ಹತ್ತಿದವು. ಆಚೆ ಕಡೆ ನಿಂತ ಅಪರಿಚಿತ ಹೆಂಗಸಿನ ಬೆರಳು ತುದಿ ನನ್ನ ಬೆರಳಿಗೆ ತಾಗುತ್ತಿತ್ತು, ಹಿಡಿಯಲು ಸಿಗುತ್ತಿರಲಿಲ್ಲ. ಅಷ್ಟು ದಪ್ಪ ಮರ.

ಕಡಿಯಲು ಬಂದವರು ಸ್ವಲ್ಪ ದೂರದಲ್ಲಿ ಕೊಡಲಿ ಕೆಳಗಿಟ್ಟು ಕವಳ ಹಾಕುತ್ತ ಕೂತಿದ್ದರು. ಕೂಲಿಗೆ ಬಂದ ಬಡವರು. ಅವರ ಮೇಲೆ ಯಾರೂ ಕೂಗಾಡಲಿಲ್ಲ. ಮಧ್ಯಾಹ್ನ ನಮ್ಮವರು ಕಟ್ಟಿಕೊಂಡು ಹೋದ ಬುತ್ತಿಯಲ್ಲಿ ಅವರಿಗೂ ಪಾಲಿತ್ತು. ಈ ಒಂದು ಸಂಗತಿ ಚಳವಳಿಯ ಬಗ್ಗೆ ಬರೆದ ಲೇಖನಗಳಲ್ಲಿ ಕಡಿಮೆ ಬರುತ್ತದೆ, ನನಗೆ ಮಾತ್ರ ಇದೇ ಮುಖ್ಯ ಅನ್ನಿಸುತ್ತದೆ. ಮರ ಕಡಿಯುವವನ ಮೇಲೆ ಅಲ್ಲಿ ಯಾರಿಗೂ ಸಿಟ್ಟಿರಲಿಲ್ಲ, ಸಿಟ್ಟಿದ್ದದ್ದು ಆ ಲೆಕ್ಕದ ಮೇಲೆ. ಸಾಲ್ಕಣಿಯವರು 38 ದಿನ ಬಿಡದೆ ಕಾದರು. ಕಡಿಯುವ ಕೆಲಸ ನಿಂತಿತು. ಚಳವಳಿ ಸಿದ್ದಾಪುರದ ಕಡೆಗೂ ಹಬ್ಬಿತು. ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತು ನಮ್ಮ ಶಾಲೆಯ ಗೋಡೆಯ ಮೇಲೂ ಬಂತು. 1988ರ ರಾಷ್ಟ್ರೀಯ ಅರಣ್ಯ ನೀತಿ ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ಆದಷ್ಟು ತಾವೇ ಬೆಳೆಸಿಕೊಳ್ಳಬೇಕೆಂದು ಹೇಳಿತು. 1990ರ ಹೊತ್ತಿಗೆ ರಾಜ್ಯದ ಪಶ್ಚಿಮ ಘಟ್ಟದ ಸಹಜ ಕಾಡಿನಲ್ಲಿ ಹಸಿಮರ ಕಡಿಯುವುದಕ್ಕೆ ತಡೆ ಬಂತು.

ನಮ್ಮ ಕಾಡಿಗೆ ಕೊಡಲಿ ಬೀಳುವುದು ಪ್ಲೈವುಡ್ಡಿನಿಂದಲೇ ಶುರುವಾದದ್ದಲ್ಲ. ಬ್ರಿಟಿಷರು ಕಾಳಿ ಕಣಿವೆಯ ತೇಗಕ್ಕೆ ಕಣ್ಣು ಹಾಕಿದ್ದರು, ರೈಲ್ವೆ ಸ್ಲೀಪರಿಗೆ ಕಡಿದರು, ಮಿಶ್ರ ಕಾಡು ಸವರಿ ತೇಗದ ತೋಪು ಎಬ್ಬಿಸಿದರು. ಸ್ವಾತಂತ್ರ್ಯ ಬಂದ ಮೇಲೂ ಅದೇ ದಾರಿ. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದಾಗ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರುತ್ತಿದ್ದರು. ಇಪ್ಪತ್ತು ವರ್ಷ ತುಂಬುವ ಮೊದಲೇ ಬಿದಿರು ಸಾಲದೆ ಬಂತು. ಜನರ ದನ ಮೇದು ಬಿದಿರು ಹಾಳಾಯಿತು ಎಂಬ ದೂರು ಎದ್ದಾಗ, ಸರ್ಕಾರವೇ ಕೇಳಿಕೊಂಡಿದ್ದರಿಂದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಂದು ಕಾಡಲ್ಲಿ ಓಡಾಡಿ ನೋಡಿದರು. ಅವರು ಕಂಡದ್ದು ಬೇರೆ. ಬಿದಿರು ಮೆಳೆಯ ಬುಡದಲ್ಲಿ ಮುಳ್ಳು ಹೆಣೆದುಕೊಂಡಿರುತ್ತದೆ. ಬೆಳೆಯಲು ಅಡ್ಡಿ ಎಂದು ಅದನ್ನು ಸವರಿ ಸ್ವಚ್ಛ ಮಾಡುವುದು ‘ವೈಜ್ಞಾನಿಕ’ ನಿರ್ವಹಣೆಯ ಪಾಠವಾಗಿತ್ತು. ಮುಳ್ಳು ಹೋದ ಮೇಲೆ ಎಳೆ ಕಳಲೆಯನ್ನು ದನ, ಮುಳ್ಳುಹಂದಿ, ಮುಸಿಯ ಎಲ್ಲ ತಿಂದವು. ಮುಳ್ಳು ಇರುವುದೇ ಕಳಲೆ ಕಾಯಲು ಎಂದು ಹಳ್ಳಿಯವರು ಮೊದಲೇ ಹೇಳಿದ್ದರು. ಬಿದಿರು ಮುಗಿದಲ್ಲಿ ಕಾಡು ಬೋಳಿಸಿ ನೀಲಗಿರಿ ನೆಟ್ಟರು. ನಮ್ಮ ಮಳೆಗೆ ನೀಲಗಿರಿ ತಾಳಲಿಲ್ಲ, ಕಾಂಡಕ್ಕೆ ಗುಲಾಬಿ ಬಣ್ಣದ ಬೂಷ್ಟು ರೋಗ ಬಂದು ತೋಪು ತೋಪೇ ಸತ್ತವು. ನೂರಾರು ವರ್ಷದ ಕಾನು ಹೋಗಿ, ಅದರ ಬದಲು ಬಂದದ್ದೂ ನಿಲ್ಲಲಿಲ್ಲ.

ಮುಂದಿನ ಸರದಿ ಅಕೇಶಿಯಾದ್ದು. ನಾನು ಮದುವೆಯಾಗಿ ಬಂದ ಊರಿನ ಗುಡ್ಡವಿಡೀ ಅಕೇಶಿಯಾ. ದೂರದಿಂದ ಹಸಿರೇ, ಉಪಗ್ರಹದ ಚಿತ್ರದಲ್ಲೂ ಹಸಿರೇ. ಒಳಗೆ ಹೋದರೆ ಸದ್ದಿಲ್ಲ. ಅದರ ಎಲೆ ದನ ತಿನ್ನುವುದಿಲ್ಲ, ಬೇಗ ಕೊಳೆಯುವುದಿಲ್ಲ. ಕಾಲಿಟ್ಟರೆ ಪರಪರ ಎನ್ನುವ ಒಣ ದರಕು ಬಿಟ್ಟರೆ ಅದರಡಿ ಏನೂ ಇಲ್ಲ. ಸೌದೆಗೆ ಆಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಕಾಡೆಂದು ಬರೆದುಕೊಂಡು ಅರಣ್ಯ ಇಷ್ಟು ಪ್ರತಿಶತ ಇದೆ ಎಂದು ಹೇಳುವಾಗ ಏನನ್ನು ಎಣಿಸಿದ್ದೀರಿ ಎಂದು ಕೇಳಬೇಕಾಗುತ್ತದೆ. ಉಪಗ್ರಹ ಚಿತ್ರಗಳನ್ನು ಬಿಡಿಸಿ ನೋಡಿದ ವಿಜ್ಞಾನ ಸಂಸ್ಥೆಯವರ ಪ್ರಕಾರ ಉತ್ತರ ಕನ್ನಡದಲ್ಲಿ ನಿತ್ಯಹಸಿರು ಮತ್ತು ಅರೆ ನಿತ್ಯಹಸಿರು ಕಾಡು 1973ರಲ್ಲಿ ಶೇಕಡಾ 67ರಷ್ಟಿತ್ತು, 2013ರ ಹೊತ್ತಿಗೆ ಶೇಕಡಾ 32ಕ್ಕೆ ಬಂದಿತ್ತು. ನನ್ನ ಬಾಲ್ಯದಿಂದ ನಡುವಯಸ್ಸಿನ ತನಕದ ಅವಧಿ ಅದು.

ಊರವರ ಕೈಯೂ ಇದರಲ್ಲಿ ಇದೆ ಎನ್ನದೆ ಹೋದರೆ ಮಾತು ಪೂರ್ತಿಯಾಗದು. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ವ್ಯವಸ್ಥೆ. ಚೆನ್ನಾಗಿ ಇಟ್ಟುಕೊಂಡವರ ಬೆಟ್ಟದಲ್ಲಿ ಇವತ್ತಿಗೂ ಮತ್ತಿ, ನಂದಿ, ಹೊನ್ನೆ ತಲೆಯೆತ್ತಿ ನಿಂತಿವೆ. ಒಂದು ವರ್ಷ ಸೊಪ್ಪು ಕಡಿದ ಮರಕ್ಕೆ ಮತ್ತೆ ಕತ್ತಿ ಹಾಕುವ ಮೊದಲು ವರ್ಷಗಟ್ಟಲೆ ಬಿಡುವು ಕೊಟ್ಟಿದ್ದಾರೆ. ಇನ್ನು ಕೆಲವರ ಬೆಟ್ಟ ಕಂಬ ನೆಟ್ಟಂತಾಗಿ, ಕಡೆಗೆ ಹುಲ್ಲೂ ಬಾರದ ಮೊರಡಿಯಾಯಿತು. ಉಪ್ಪಾಗೆಯ ಕತೆಯೂ ಹಾಗೇ. ನಮ್ಮ ಮನೆಯಲ್ಲಿ ಸಾರಿಗೆ, ತಂಬುಳಿಗೆ ಬಳಸುತ್ತಿದ್ದ ಹುಳಿ ಅದು. ಅದರ ಸಿಪ್ಪೆಯಿಂದ ಮೈತೂಕ ಇಳಿಸುವ ಔಷಧಿ ಮಾಡುತ್ತಾರೆಂದು ಹೊರದೇಶದಿಂದ ಬೇಡಿಕೆ ಬಂದಾಗ ಕಾಡಿಗೆ ಜನ ನುಗ್ಗಿದರು. ಹಣ್ಣಾಗಿ ಬೀಳುವವರೆಗೆ ಕಾಯಲು ಯಾರಿಗೂ ಪುರಸೊತ್ತಿರಲಿಲ್ಲ, ಬೇರೆಯವರು ಕೊಯ್ಯುವ ಮೊದಲು ನಾವೇ ಎಂದು ಕಾಯಿ ಇರುವಾಗಲೇ ಟೊಂಗೆ ಸಮೇತ ಕಡಿದರು. ಹಣ್ಣಾಗುವುದು ನಡು ಮಳೆಗಾಲದಲ್ಲಿ, ಒಣಗಿಸಲು ಬಿಸಿಲಿಲ್ಲ. ಸಿಪ್ಪೆಗೆ ಹೊಗೆ ಹಾಕಲು ಮತ್ತೆ ಕಾಡಿನದೇ ಸೌದೆ. ಕಾಡನ್ನು ನಿಲ್ಲಿಸಿಕೊಂಡೇ ದುಡಿಯಬಹುದು ಎಂಬುದಕ್ಕೆ ಉಪ್ಪಾಗೆಯಷ್ಟು ಒಳ್ಳೆಯ ಉದಾಹರಣೆ ಬೇರೆ ಇಲ್ಲ. ಕಾಯುವ ತಾಳ್ಮೆ ಇಲ್ಲದಿದ್ದರೆ ಅದೂ ಕಡಿತವೇ ಆಗುತ್ತದೆ ಎಂಬುದಕ್ಕೂ ಅದೇ ಉದಾಹರಣೆ. ಎಷ್ಟೋ ಊರುಗಳ ಗ್ರಾಮ ಅರಣ್ಯ ಸಮಿತಿಯವರು ಆಮೇಲೆ ಕೊಯ್ಲಿಗೆ ದಿನ ಗೊತ್ತು ಮಾಡಿ, ಕಡಿಮೆ ಸೌದೆಯ ಒಲೆ ಹಾಕಿಸಿ ಇದನ್ನು ತಹಬಂದಿಗೆ ತಂದರು.

ಉಪ್ಪಾಗೆ ಹಣ್ಣಿಗೆ ಇನ್ನೊಬ್ಬ ಗಿರಾಕಿ ಸಿಂಗಳೀಕ. ಮರದಿಂದ ಮರಕ್ಕೆ ಮೇಲೇ ಓಡಾಡುವ, ನೆಲಕ್ಕೆ ಇಳಿಯಲು ಹಿಂಜರಿಯುವ ಪ್ರಾಣಿ ಅದು. ಎರಡು ಮರದ ನಡುವೆ ಟೊಂಗೆ ಕೂಡದಿದ್ದರೆ ಅದರ ದಾರಿ ಅಲ್ಲಿಗೆ ಮುಗಿಯಿತು. ಮಂಗಟ್ಟೆಗೆ ಬೇಕಾದದ್ದು ಹಳೆಯ ಮರದ ಪೊಟರೆ. ಹೆಣ್ಣು ಅದರೊಳಗೆ ಹೊಕ್ಕು ಬಾಯಿ ಮುಚ್ಚಿಕೊಂಡು ಮೊಟ್ಟೆಯಿಡುತ್ತದೆ, ಗಂಡು ಸಂದಿಯಿಂದ ಹಣ್ಣು ತಂದು ಕೊಡುತ್ತದೆ. ಹೆಜ್ಜೇನು ಕಟ್ಟುವುದೂ ಎಲ್ಲಕ್ಕಿಂತ ಎತ್ತರದ ಮರಕ್ಕೆ. ಗುರುತು ಹಾಕುವವರು ಆರಿಸಿದ್ದೂ ಅವನ್ನೇ, ಎಕರೆಯಲ್ಲಿ ಅತಿ ದೊಡ್ಡ ಎರಡನ್ನು. ಸಣ್ಣ ಮರ ನೂರಿದ್ದರೂ ಮಂಗಟ್ಟೆಗೆ ಮನೆಯಿಲ್ಲ. ಬೀಜ ನುಂಗಿ ದೂರ ಒಯ್ದು ಬಿಡುವ ಹಕ್ಕಿ ಹೋದ ಮೇಲೆ ಆ ದೊಡ್ಡ ಬೀಜದ ಮರಗಳು ಮತ್ತೆ ಹುಟ್ಟುವುದು ಎಲ್ಲಿಂದ?

ಸಿದ್ದಾಪುರ ತಾಲೂಕಿನಲ್ಲಿ, ಗೇರುಸೊಪ್ಪೆಯ ಘಟ್ಟ ಇಳಿಯುವ ಮೊದಲು ಸಿಗುವ ಕತ್ತಲೆಕಾನಿಗೆ ನಾನು ಹೋದದ್ದು ಮಕ್ಕಳು ದೊಡ್ಡವರಾದ ಮೇಲೆ. ರಸ್ತೆ ಬಿಟ್ಟು ಒಳಗೆ ಇಳಿದರೆ ಪಾದ ಮುಳುಗುವಷ್ಟು ನೀರು, ಕಪ್ಪು ಕೆಸರು, ಅದರ ಮೇಲೆ ರಾಮಪತ್ರೆ ಜಾತಿಯ ಮರಗಳು. ಅವುಗಳ ಬೇರು ಕೆಸರಿನಿಂದ ಮೇಲೆದ್ದು ಬಾಗಿ ಮತ್ತೆ ಕೆಸರಿಗೆ ಇಳಿಯುತ್ತವೆ. ನೀರಿನಡಿ ಉಸಿರಾಡಲು ಗಾಳಿಯಿಲ್ಲದ್ದಕ್ಕೆ ಮರ ಮಾಡಿಕೊಂಡ ಉಪಾಯ. ಏಪ್ರಿಲ್ ಕೊನೆಯ ಬಿಸಿಲು ಹೊರಗೆ ಸುಡುತ್ತಿತ್ತು. ಒಳಗೆ ನೀರು ತಣ್ಣಗೆ ಹರಿಯುತ್ತಲೇ ಇತ್ತು. 2000ರಲ್ಲಿ ವಿಜ್ಞಾನಿಗಳು ಗೇರಿನ ಕುಟುಂಬದ ಹೊಸ ಮರವೊಂದನ್ನು ಲೋಕಕ್ಕೆ ಪರಿಚಯಿಸಿದ್ದು ಇಲ್ಲಿಂದಲೇ, ಅದರ ಹೆಸರಿನಲ್ಲೇ ಕತ್ತಲೆಕಾನು ಸೇರಿಕೊಂಡಿದೆ. ಇಪ್ಪತ್ತನೇ ಶತಮಾನ ಮುಗಿಯುವ ತನಕ ಯಾವ ಪುಸ್ತಕಕ್ಕೂ ಸಿಗದೆ ಅದು ಅಲ್ಲೇ ನಿಂತಿತ್ತು. ಹೀಗೆ ಹೆಸರು ಸಿಗುವ ಮೊದಲೇ ಪೆಟ್ಟಿಗೆಯಾಗಿ ಹೋದ ಮರಗಳು ಎಷ್ಟಿದ್ದವೋ ಎಂದು ಆ ನೀರಿನಲ್ಲಿ ನಿಂತಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. 2011ರಲ್ಲಿ ಈ ಸುತ್ತಲಿನ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶಕ್ಕೆ ಸೇರಿತು.

ತವರಿನ ಕಾನು ಈಗ ಚಿಗುರಿದೆ. ಹಸಿಮರ ಕಡಿಯುವುದು ನಿಂತು ಮೂವತ್ತು ವರ್ಷ ದಾಟಿತಲ್ಲ. ಲಾರಿ ದಾರಿ ಗುರುತು ಸಿಗದಂತೆ ಮುಚ್ಚಿದೆ, ಬೆಳಕು ಬಿದ್ದಲ್ಲಿ ಬೇಗ ಬೆಳೆಯುವ ಜಾತಿಗಳು ನೆರಳು ಮಾಡಿವೆ. ಆದರೆ ಮಾವು ಬಂದಿಲ್ಲ. ತೋಟಕ್ಕೆ ತಮ್ಮ ಬೋರ್‌ವೆಲ್ ಹಾಕಿಸಿದ್ದಾನೆ. ಅಪ್ಪೆಮಿಡಿಯನ್ನು ಅವನೂ ಪೇಟೆಯಲ್ಲಿ ಕಸಿ ಗಿಡ ಕೊಂಡು ನೆಟ್ಟ, ಮಿಡಿ ಬಿಡುತ್ತಿದೆ, ಚೆನ್ನಾಗಿಯೇ ಇದೆ. ಹಳ್ಳ ಕೂಡುವಲ್ಲಿನ ಮರದ ಟೊಂಗೆಯನ್ನು ಕಸಿಗೆಂದು ಯಾರೂ ತೆಗೆದಿಟ್ಟಿರಲಿಲ್ಲ. ಆ ಜೀರಿಗೆಯ ವಾಸನೆ ಇನ್ನು ಯಾವ ಭರಣಿಗೂ ಬರುವುದಿಲ್ಲ.

ಇವತ್ತು ಪ್ಲೈವುಡ್ಡಿನ ಮೇಸ್ತ್ರಿ ಬರುವುದಿಲ್ಲ. ಬರುವುದು ಯೋಜನೆಗಳು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗಕ್ಕೆ ಲಕ್ಷಾಂತರ ಮರ, ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜಿಗೆ ಸಾವಿರಾರು ಮರ, ಬೇಡ್ತಿ-ವರದಾ ನದಿಗಳನ್ನು ಜೋಡಿಸಲು ಇನ್ನಷ್ಟು. ಬೇಡ್ತಿಗೆ ಅಣೆಕಟ್ಟು ಕಟ್ಟುವ ಯೋಜನೆಯನ್ನು 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ರೈತರನ್ನೂ ಒಟ್ಟಿಗೆ ಕೂರಿಸಿ ಚರ್ಚಿಸಿ ಕೈಬಿಡುವಂತೆ ಮಾಡಿದ ಜಿಲ್ಲೆ ಇದು. ರೈಲು ಬೇಡ, ಕರೆಂಟು ಬೇಡ ಎಂದು ಹೇಳುವವಳು ನಾನಲ್ಲ. ಆದರೆ ಕಡತದಲ್ಲಿ ಈಗಲೂ ಇರುವುದು ಕಡಿಯಬೇಕಾದ ಮರಗಳ ಸಂಖ್ಯೆ, ಅದಕ್ಕೆ ಬದಲಾಗಿ ಇನ್ನೆಲ್ಲೋ ನೆಡುವ ಗಿಡಗಳ ಸಂಖ್ಯೆ. ಒಂದು ಮರದ ಬದಲು ಹತ್ತು ಸಸಿ ಎಂದು ಓದಿದಾಗ ಆ ಹತ್ತರ ಪೈಕಿ ಯಾವುದು ಮಂಗಟ್ಟೆಗೆ ಪೊಟರೆ ಕೊಡುತ್ತದೆ, ಯಾವುದರ ಬುಡದಿಂದ ಅಬ್ಬಿ ಹುಟ್ಟುತ್ತದೆ ಎಂದು ಕೇಳಬೇಕೆನಿಸುತ್ತದೆ.

ಅದಕ್ಕೇ ಕಳೆದ ಬೇಸಿಗೆಯಿಂದ ನಾವು ಕೆಲವು ಹೆಂಗಸರು ಸೇರಿ ಸುತ್ತಲಿನ ಊರುಗಳ ಹಳ್ಳ, ಅಬ್ಬಿ, ಜಡ್ಡಿಗಳ ಹೆಸರು ಬರೆಯುತ್ತಿದ್ದೇವೆ. ಯಾವ ಹಳ್ಳ ಯಾವ ಹಬ್ಬದವರೆಗೆ ಹರಿಯುತ್ತಿತ್ತು, ಈಗ ಯಾವಾಗ ನಿಲ್ಲುತ್ತದೆ, ಅದರ ತಲೆಯಲ್ಲಿ ಯಾವ ಮರಗಳಿದ್ದವು ಎಂದು ಕೇಳಿ ದಾಖಲಿಸುವುದು ನಮ್ಮ ಕೆಲಸ. ಸರ್ವೆ ನಕ್ಷೆಯಲ್ಲಿ ಹೆಸರೇ ಇಲ್ಲದ ಹಳ್ಳಗಳಿಗೂ ಮುದುಕಿಯರ ಬಾಯಲ್ಲಿ ಹೆಸರಿದೆ. ಕೊಡ ಹೊತ್ತವರು ಅವರೇ ತಾನೆ. ಎಂಬತ್ತು ದಾಟಿದ ಒಬ್ಬರು ಮಾರಿಜಾತ್ರೆಗಳನ್ನು ಹಿಡಿದು ಲೆಕ್ಕ ಹೇಳಿದರು, ಯಾವ ಜಾತ್ರೆಯ ವರ್ಷದಲ್ಲಿ ನೀರು ಎಲ್ಲಿಯ ತನಕ ಇತ್ತು ಎಂದು. ನಾನು ಬರೆದುಕೊಳ್ಳುತ್ತ ಹೋದೆ. ಮುಂದಿನ ಅಹವಾಲು ಸಭೆಗೆ ಆಕ್ಷೇಪಣೆ ಸಲ್ಲಿಸುವಾಗ ಈ ಪಟ್ಟಿಯನ್ನೂ ಲಗತ್ತಿಸುತ್ತೇವೆ, ಯೋಜನೆಯವರ ಮರದ ಪಟ್ಟಿಯ ಪಕ್ಕದಲ್ಲಿ. ಇನ್ನೂ ಮೂರು ಊರು ಬಾಕಿ ಇವೆ. ಮಳೆ ಹಿಡಿಯುವ ಮೊದಲು ಮುಗಿಸಬೇಕು.